ಘಟ್ಟದ ನಡುವಿನ ಗೇಟು

“ಗುರುಗಳೇ, ತಾನಾಗಿಯೇ ನಿಯಮ ಹಿಡಿದವನನ್ನು ಮತ್ತೊಬ್ಬರು ದಿನವೂ ವಿಚಾರಿಸಬೇಕೆ?”

ಕೇಳಿದವನು ಮಠದ ಹಿರಿಯ ಶಿಷ್ಯ. ಆ ಮಠದಲ್ಲಿ ಸಂಜೆಯ ಊಟಕ್ಕೆ ಮೊದಲು ಗುರುಗಳು ಒಬ್ಬೊಬ್ಬರನ್ನೇ ಕರೆದು, ‘ಇಂದು ಎಲ್ಲಿ ಜಾರಿದೆ?’ ಎಂದು ಕೇಳುವ ಪದ್ಧತಿಯಿತ್ತು. ಈ ಶಿಷ್ಯ ಬಹುಕಾಲದಿಂದ ‘ಎಲ್ಲಿಯೂ ಇಲ್ಲ’ ಎನ್ನುತ್ತಿದ್ದ. ಅದು ಸುಳ್ಳಾಗಿರಲಿಲ್ಲ. ಗುರುಗಳಿಗೂ ಗೊತ್ತಿತ್ತು.

“ನನ್ನನ್ನು ಕೇಳುವ ಹೊತ್ತನ್ನು ಕಿರಿಯರಿಗೆ ಕೊಡಬಹುದಲ್ಲ,” ಎಂದ.

ಗುರುಗಳು ಕೂತುಕೋ ಎಂದು ಕೈ ತೋರಿಸಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಲಾರಿ ಮಾಲೀಕನಿದ್ದ. ಅವನ ಲಾರಿಗಳು ಬಯಲುಸೀಮೆಯ ಗಣಿಗಳಿಂದ ಹಾಸುಗಲ್ಲು ಹೇರಿಕೊಂಡು, ಘಟ್ಟ ಇಳಿದು, ಬಂದರಿಗೆ ಹೋಗುತ್ತಿದ್ದವು. ಅವನೂ ಒಂದು ಕಾಲಕ್ಕೆ ಡ್ರೈವರನೇ. ಅವನಿಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನು ಫಕೀರಪ್ಪ. ಕಲಿತವನು ಮಾಲೀಕನಾದ, ಕಲಿಸಿದವನು ಅವನ ಬಳಿ ಡ್ರೈವರನಾಗಿ ಉಳಿದ. ಜನರೆದುರು ಫಕೀರಪ್ಪ ಅವನನ್ನು ‘ಮಾಲಕರೇ’ ಎನ್ನುತ್ತಿದ್ದ. ಇಬ್ಬರೇ ಇದ್ದಾಗ ‘ತಮ್ಮಾ’ ಎನ್ನುತ್ತಿದ್ದ. ಮಾಲೀಕನಿಗೆ ಎರಡನೆಯದೇ ಹಿತ.

ಘಟ್ಟವನ್ನು ಅರ್ಧ ಇಳಿದ ಮೇಲೆ ಒಂದು ತಪಾಸಣೆಯ ಗೇಟು. ಅಲ್ಲಿ ಪ್ರತಿ ಲಾರಿಯೂ ನಿಲ್ಲಬೇಕು. ಹೇರು ಅಳೆಯುತ್ತಾರೆ, ಕಾಗದ ನೋಡುತ್ತಾರೆ, ಡ್ರೈವರನ ಕಣ್ಣು ನೋಡುತ್ತಾರೆ. ಸಾಲು ಬೆಳೆಯುತ್ತದೆ. ಡ್ರೈವರುಗಳು ಗೇಟಿನವರ ವಂಶವನ್ನೆಲ್ಲ ಬಯ್ಯುತ್ತ ಕೆಳಗಿಳಿಯುತ್ತಿದ್ದರು. ಇಳಿದ ಮೇಲೆ ಸುಮ್ಮನೆ ನಿಲ್ಲಲಾದೀತೆ? ಸರಳು ಹಿಡಿದು ಒಂದೊಂದೇ ಟಯರಿಗೆ ಬಡಿದು ಸದ್ದು ಕೇಳುವರು. ಬ್ರೇಕಿನ ಡ್ರಮ್ಮಿನ ಹತ್ತಿರ ಅಂಗೈ ಒಡ್ಡುವರು. ಕೈಗೆ ತಾಳದಷ್ಟು ಬಿಸಿಯಿದ್ದರೆ ಪಕ್ಕದ ಅಂಗಡಿಯಲ್ಲಿ ಇನ್ನೊಂದು ಚಹಾ. ಇದಕ್ಕೆ ಅವರು ಗಾಲಿ ಮಾತಾಡಿಸುವುದು ಎನ್ನುತ್ತಿದ್ದರು. ಯಾರೂ ವಿಧಿಸಿದ್ದಲ್ಲ. ಹೊತ್ತು ಹೋಗಲೆಂದು ಮಾಡುತ್ತಿದ್ದದ್ದು.

ಹೀಗಿರುವಾಗ ಒಂದು ಹೊಸ ವ್ಯವಸ್ಥೆ ಬಂತು. ಮನಸ್ಸಿದ್ದ ಮಾಲೀಕರು ತಾವಾಗಿ ಮುಂದೆ ಬಂದು ನಿಯಮ ಪಾಲಿಸುವುದಾಗಿ ಒಪ್ಪಿಕೊಳ್ಳಬಹುದು. ಮಿತಿ ಮೀರಿ ಹೇರಬಾರದು. ಡ್ರೈವರನಿಗೆ ಕಣ್ತುಂಬ ನಿದ್ದೆ ಮಾಡಲು ಬಿಡುವು ಕೊಡಬೇಕು. ಬ್ರೇಕು, ದೀಪ, ಟಯರು ಸವೆಯುವ ಮೊದಲೇ ಬದಲಿಸಬೇಕು. ಇದನ್ನೆಲ್ಲ ಮಾಲೀಕನೇ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ನೋಡಿ ಒಪ್ಪಿದರೆ ಅವನ ಲಾರಿಗಳಿಗೆಲ್ಲ ಹಸಿರು ಫಲಕ. ಹಸಿರು ಫಲಕದ ಲಾರಿಯನ್ನು ಗೇಟಿನಲ್ಲಿ ನಿಲ್ಲಿಸುವುದಿಲ್ಲ. ಒತ್ತಾಯ ಯಾರಿಗೂ ಇಲ್ಲ.

ಉಳಿದ ಮಾಲೀಕರು ನಕ್ಕರು. ಇವನು ಮೊದಲಿಗನಾಗಿ ಹೋಗಿ ಸೇರಿದ.

ಫಲಕ ಬಂದ ದಿನ ಅವನೇ ಕೈಯಾರೆ ಅದನ್ನು ಫಕೀರಪ್ಪನ ಲಾರಿಗೆ ಬಿಗಿದ. ಫಕೀರಪ್ಪ ದೂರ ನಿಂತು ನೋಡಿದ.

“ತಮ್ಮಾ, ಗೇಟಿನ್ಯಾಗ ನಿಲ್ಲಸಂಗಿಲ್ಲ ಅಂದ್ರ ನಾ ಚಹಾ ಎಲ್ಲಿ ಕುಡೀಲಿ?”

“ಕೆಳಗ ಬಂದರದಾಗ ಕುಡಿ, ಫಕೀರಣ್ಣ. ನಾನ ಕುಡಸ್ತೀನಿ.”

“ಬಂದರದ ಚಹಾ ಉಪ್ಪಿರತೈತೋ. ಮಾಲಕ ಆದಮ್ಯಾಲ ನಾಲಗಿ ಸತ್ತೈತಿ ನಿಂದು.”

ಇಬ್ಬರೂ ನಕ್ಕರು. ಅದು ಚಹಾದ ಮಾತೆಂದೇ ಇಬ್ಬರೂ ತಿಳಿದಿದ್ದರು.

ಮಾಲೀಕ ಕೊಟ್ಟ ಮಾತನ್ನು ಉಳಿಸಿಕೊಂಡ. ಒಂದು ಕಲ್ಲನ್ನೂ ಹೆಚ್ಚಿಗೆ ಹೇರಿಸಲಿಲ್ಲ. ನಿದ್ದೆಗೆಟ್ಟ ಡ್ರೈವರನ ಕೈಗೆ ಕೀಲಿ ಕೊಡಲಿಲ್ಲ. ಬ್ರೇಕಿನ ಲೈನರು ಇನ್ನೂ ದಪ್ಪವಿರುವಾಗಲೇ ಬಿಚ್ಚಿಸಿ ಹೊಸದು ಹಾಕಿಸಿದ. ಪರೀಕ್ಷಕರು ಬಂದರು, ನೋಡಿದರು, ತಲೆದೂಗಿದರು. ಅವರ ಕಣ್ಣಿಗೆ ಮಣ್ಣೆರಚುವ ಯೋಚನೆಯೇ ಅವನಿಗೆ ಬರಲಿಲ್ಲ.

ಮೊದಮೊದಲು ಫಕೀರಪ್ಪ ಗೇಟಿನ ಬಳಿ ಬಂದಾಗ ಅಭ್ಯಾಸಬಲದಿಂದ ನಿಲ್ಲಿಸುತ್ತಿದ್ದ. ಕಾವಲಿನವನು ಬಂದು ಬಾಗಿಲು ತಟ್ಟುತ್ತಿದ್ದ. “ಹಸಿರು ಗಾಡಿ ಇಲ್ಲಿ ನಿಲ್ಲಬಾರದು, ಅಜ್ಜಾ. ಹಿಂದಿನವರಿಗೆ ದಾರಿ ಬಿಡು.” ಹಸಿರಿನವರಿಗೆಂದೇ ಬೇರೆ ಓಣಿ ಮಾಡಿದ್ದರು. ಅದರಲ್ಲಿ ನಿಲ್ಲಲು ಜಾಗವಿರಲಿಲ್ಲ. ಸ್ವಲ್ಪ ದಿನಕ್ಕೆ ಅಭ್ಯಾಸ ಬಿಟ್ಟಿತು. ಹೋಗುತ್ತ ಕೈ ಎತ್ತುವುದಷ್ಟೇ ಉಳಿಯಿತು.

ಹಸಿರು ಲಾರಿಗಳು ಬಂದರನ್ನು ಮೊದಲು ಮುಟ್ಟತೊಡಗಿದವು. ವ್ಯಾಪಾರಿಗಳು ಕಲ್ಲನ್ನು ಅವಕ್ಕೇ ಕೊಡತೊಡಗಿದರು. ನಕ್ಕಿದ್ದ ಮಾಲೀಕರು ಒಬ್ಬೊಬ್ಬರಾಗಿ ಬಂದು ಸೇರಿದರು. ಒಂದು ಸಭೆ ಮಾಡಿ ಇವನಿಗೆ ಹಾರ ಹಾಕಿದರು. ಮಾತನಾಡಿ ಎಂದರು. ಅವನು ಮಾತಿನವನಲ್ಲ. ‘ನಮ್ಮನ್ನು ಯಾರೂ ಕಾಯಬೇಕಾಗಿಲ್ಲ’ ಎಂದಷ್ಟೇ ಹೇಳಿ ಕೂತ. ಜೋರಾಗಿ ಚಪ್ಪಾಳೆ ಬಿತ್ತು.

ಒಂದು ಬೇಸಗೆಯ ಮಧ್ಯಾಹ್ನ ಫಕೀರಪ್ಪನ ಲಾರಿ ಗೇಟು ದಾಟಿತು. ಎರಡನೆಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಲ್ಲು, ಲಾರಿ, ಫಕೀರಪ್ಪ, ಎಲ್ಲ ಕಮರಿಗೆ ಹೋಯಿತು.

ಮಾಲೀಕ ಓಡಿ ಬಂದ. ಹೆಣ ಮೇಲೆ ತರುವವರೆಗೂ ತಿರುವಿನಲ್ಲಿ ನಿಂತಿದ್ದ. ಗೇಟಿನ ಕಾವಲಿನವನು ತಾನಾಗಿ ಅವನ ಬಳಿ ಬಂದ.

“ಹೋಗುವಾಗ ದಿನದಂತೆ ಕೈ ಎತ್ತಿದರು. ಗಾಲಿಯಿಂದ ಸುಟ್ಟ ವಾಸನೆ ಬಂತು. ಹಸಿರು ಫಲಕ ಅಲ್ಲವಾ, ಬಿಟ್ಟೆ.”

ಪರೀಕ್ಷಕರು ಬಂದರು. ಹೇರು ಮಿತಿಯೊಳಗಿತ್ತು. ಫಕೀರಪ್ಪ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದ. ಕುಡಿದಿರಲಿಲ್ಲ. ಲೈನರು ಹೊಸದು. ಬ್ರೇಕು ಕಾದು ಹಿಡಿತ ಬಿಟ್ಟಿದೆ, ಮಾಲೀಕನ ತಪ್ಪೇನೂ ಇಲ್ಲ ಎಂದು ಬರೆದರು. ಹಿರಿಯ ಪರೀಕ್ಷಕರು ಅವನ ಹೆಗಲ ಮೇಲೆ ಕೈಯಿಟ್ಟು, ನಿಮ್ಮಂಥವರು ಇನ್ನೊಬ್ಬರಿಲ್ಲ ಎಂದರು.

ಅವನು ಊಟ ಬಿಟ್ಟ. ತನ್ನದೊಂದು ತಪ್ಪನ್ನು ಹುಡುಕುತ್ತ ಕೂತ. ಹೆಚ್ಚು ಹೇರಿದ್ದೆನೆ? ಇಲ್ಲ. ನಿದ್ದೆಗೆಡಿಸಿದ್ದೆನೆ? ಇಲ್ಲ. ಒಂದಾದರೂ ಸಿಕ್ಕಿದ್ದರೆ ತಲೆ ಚಚ್ಚಿಕೊಂಡು ಅಳಬಹುದಿತ್ತು. ಫಕೀರಪ್ಪನ ಹೆಂಡತಿಯ ಕಾಲು ಹಿಡಿಯಬಹುದಿತ್ತು. ಸಿಗಲಿಲ್ಲ.

ಒಂದು ದಿನ ಘಟ್ಟಕ್ಕೆ ಹೋಗಿ ಗೇಟಿನ ಬಳಿ ಕೂತ. ಫಲಕವಿಲ್ಲದ ಹಳೆಯ ಲಾರಿಯೊಂದು ಸಾಲಿನಲ್ಲಿ ನಿಂತಿತ್ತು. ಅದರ ಡ್ರೈವರ್ ಗೇಟಿನವರನ್ನು ಬಯ್ಯುತ್ತ ಇಳಿದ. ಟಯರಿಗೆ ಬಡಿದ. ಡ್ರಮ್ಮಿಗೆ ಅಂಗೈ ಒಡ್ಡಿ, ಥಟ್ಟನೆ ಹಿಂದೆಳೆದುಕೊಂಡು, ಚಹಾ ಅಂಗಡಿಯ ಕಡೆ ನಡೆದ.

ಮಾಲೀಕನಿಗೆ ಆಗ ತಿಳಿಯಿತು. ಫಲಕದ ನಿಯಮಗಳನ್ನು ಬರೆದ ಕಾಲದಲ್ಲಿ ಎಲ್ಲ ಲಾರಿಗಳೂ ಇಲ್ಲಿ ನಿಲ್ಲುತ್ತಿದ್ದವು. ಎಲ್ಲರೂ ಹೇಗೂ ಮಾಡುತ್ತಿರುವುದನ್ನು ಮಾಡಿ ಎಂದು ಯಾರು ಬರೆಯುತ್ತಾರೆ? ಎಲ್ಲವನ್ನೂ ಬರೆದಿದ್ದರು, ಅರ್ಧ ಘಟ್ಟದಲ್ಲಿ ನಿಂತು ಗಾಲಿ ತಣಿಸಿಕೋ ಎಂಬುದನ್ನು ಬಿಟ್ಟು. ಬಯ್ಯುತ್ತ ನಿಂತವರ ಜೀವವನ್ನು ಆ ನಿಲುಗಡೆಯೇ ಕಾಯುತ್ತಿತ್ತು. ತಾನು ಮಾತು ಕೊಟ್ಟು, ಬೆವರು ಸುರಿಸಿ, ಫಕೀರಣ್ಣನಿಗೆ ಅದನ್ನೇ ತಪ್ಪಿಸಿದ್ದ.

ಅವನು ಉಳಿದ ಮಾಲೀಕರ ಬಳಿ ಹೋದ. ಗೇಟಿನ ಬಳಿ ಹಸಿರು ಲಾರಿಗಳೂ ನಿಲ್ಲುವಂತೆ ಮಾಡೋಣ ಎಂದು ಕೇಳಿಕೊಂಡ. ಅವರಿಗೆ ಅವನ ಮೇಲೆ ಗೌರವವಿತ್ತು. ಮೆಲ್ಲನೆ ಕೇಳಿದರು.

“ನಿಂತೇ ಹೋಗೋದಾದ್ರೆ ಫಲಕ ಯಾಕ್ರೀ?”

ಅವನು ತನ್ನ ಲಾರಿಗಳ ಫಲಕಗಳನ್ನು ಕಿತ್ತು ಹಿಂದಕ್ಕೆ ಕೊಟ್ಟ. ತಾನಾಗಿ ಸೇರಿದ್ದ, ತಾನಾಗಿ ಬಿಡಬಹುದಿತ್ತು. ಆದರೆ ಫಲಕ ಇಲ್ಲದವನನ್ನು ನೋಡುವಂತೆ ಫಲಕ ಬಿಟ್ಟವನನ್ನು ಜನ ನೋಡುವುದಿಲ್ಲ. ಏನೋ ಮಾಡಿರಬೇಕು, ಒಳಗೊಳಗೇ ಮುಚ್ಚಿಹಾಕಿದ್ದಾರೆ ಎಂದರು. ಆ ಮುದುಕ ಸುಮ್ಮಸುಮ್ಮನೆ ಸತ್ತನೇ? ಎಂದರು. ವ್ಯಾಪಾರಿಗಳು ಕಲ್ಲು ಕೊಡುವುದನ್ನು ನಿಲ್ಲಿಸಿದರು. ಡ್ರೈವರುಗಳು ಕೈಮುಗಿದು, ಹಸಿರು ಫಲಕವಿದ್ದವರ ಬಳಿ ಕೆಲಸಕ್ಕೆ ಹೋದರು. ಅವರನ್ನು ಅವನು ತಡೆಯಲಿಲ್ಲ. ಗೇಟಿಗೆ ಹೋದಾಗ ಸರಿಯಾಗಿ ನಿಲ್ಲಿ ಎಂದ. ಹೂಂ ಎಂದರು.

ಲಾರಿಗಳು ನಿಂತಲ್ಲೇ ತುಕ್ಕು ಹಿಡಿದವು.

ಬರಬರುತ್ತ ಆ ದಾರಿಯಲ್ಲಿ ಫಲಕವಿಲ್ಲದ ಲಾರಿಯೇ ಇಲ್ಲದಾಯಿತು. ಚಹಾದವನು ಅಂಗಡಿ ಮುಚ್ಚಿಕೊಂಡು ಹೋದ. ಗೇಟಿನ ಅಡ್ಡಗಂಬವನ್ನು ಮೇಲೆತ್ತಿ ಹಾಗೆಯೇ ಕಟ್ಟಿದರು.

ಮಾಲೀಕ ದಿನವೂ ಅಲ್ಲಿಗೆ ಹೋಗತೊಡಗಿದ. ಕೈಯಲ್ಲಿ ಫಕೀರಪ್ಪ ಟಯರಿಗೆ ಬಡಿಯುತ್ತಿದ್ದ ಸರಳು. ಲಾರಿ ಬಂದಾಗ ರಸ್ತೆಯ ಅಂಚಿನಲ್ಲಿ ನಿಂತು ಕೈ ಅಡ್ಡ ಹಿಡಿಯುವನು. ಗುರುತಿದ್ದವರು ಹಾರ್ನು ಹೊಡೆದು ನಗುವರು. ಗುರುತಿಲ್ಲದವರು ಭಿಕ್ಷೆ ಎಂದುಕೊಂಡು ಚಿಲ್ಲರೆ ಎಸೆಯುವರು. ಒಮ್ಮೆ ಅವನ ಬಳಿಯೇ ಕೆಲಸ ಮಾಡಿದ್ದ ಡ್ರೈವರನೊಬ್ಬ ಬಂದ. ಇವನು ಎರಡೂ ಕೈ ಎತ್ತಿದ. ಲಾರಿ ತುಸು ನಿಧಾನವಾಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, “ಮಾಲಕರೇ, ನಮ್ಮದು ಹಸಿರು” ಎಂದು, ಬಹಳ ಮರ್ಯಾದೆಯಿಂದ ಹೇಳಿ ಹೋದ.

ಲಾರಿ ಹೋದ ಮೇಲೆ ರಸ್ತೆಯಲ್ಲಿ ಸುಟ್ಟ ವಾಸನೆ ಉಳಿಯಿತು. ಅವನು ತಿರುವಿನ ಕಡೆ ಕಿವಿಗೊಟ್ಟು ನಿಂತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕಿರಿಯರು ಊಟದ ಎಲೆ ಹಾಸುತ್ತಿದ್ದರು. ಸಂಜೆಯ ವಿಚಾರಣೆಗೆ ಹೊತ್ತಾಗಿತ್ತು. ಶಿಷ್ಯ ಎಂದಿನಂತೆ ಎದ್ದು, ಎದುರು ಬಂದು, ಕೈಮುಗಿದು ನಿಂತ. ಪ್ರಶ್ನೆಗೆ ಕಾದ.

“ಇನ್ನು ನಿನ್ನನ್ನು ಕೇಳುವುದಿಲ್ಲ, ಊಟಕ್ಕೆ ಹೋಗು,” ಎಂದರು ಗುರುಗಳು.

ಶಿಷ್ಯ ಅಲ್ಲಿಂದ ಕದಲಲಿಲ್ಲ.