ರಾಗಿ ತುಂಬಿದ ರವಿಕೆ

“ಗುರುಗಳೇ, ದೊಡ್ಡ ಪೆಟ್ಟು ತಿಂದು ಒಂಟಿಯಾದವರಿಗೆ ಬಲ ಎಲ್ಲಿಂದ ಬರುತ್ತದೆ?” ಎಂದು ಶಿಷ್ಯನೊಬ್ಬ ಕೇಳಿದ. ಕೇಳಿ, ತನ್ನ ಒದ್ದೆ ಟವೆಲ್ಲನ್ನು ಪಕ್ಕದವನ ಖಾಲಿ ಚಾಪೆಯ ಮೇಲೆ ಹರವಿ, ಉತ್ತರಕ್ಕೆ ಕಾದು ಕುಳಿತ.

ಗುರುಗಳು ಟವೆಲ್ಲನ್ನೊಮ್ಮೆ ನೋಡಿ ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಪೇಟೆಯ ಅರ್ಧ ಹೆಂಗಸರ ರವಿಕೆ ಅವಳ ಕೈಯದೇ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಎಲ್ಲರ ಅಳತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಯಾರಾದರೂ ಬರುವುದನ್ನು ಬಿಟ್ಟರೆ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ‘ಬೇರೆ ಟೈಲರ್ ಹಿಡಿದಳು, ಹೋಗಲಿ’ ಎಂದು ಹಲ್ಲು ಕಡಿಯುತ್ತಿದ್ದಳು.

ಒಂದು ವರ್ಷ ಅವಳ ಎಡಗಡೆಯ ಎದೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಿತು. ಡಾಕ್ಟರು ಆ ಎದೆಯನ್ನು ತೆಗೆದರು. ಔಷಧಿಗೆ ಕೂದಲು ಉದುರಿತು, ಮತ್ತೆ ಬಂತು. ಜೀವ ಉಳಿಯಿತು. ಇನ್ನು ಕೆಲಸಕ್ಕೆ ಕೂರಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು. ಆದರೂ ಅವಳು ಅಂಗಡಿಯ ಬಾಗಿಲು ತೆರೆಯಲಿಲ್ಲ. ಇಷ್ಟು ವರ್ಷ ತಾನು ಅಳೆದವರೆಲ್ಲ ಈಗ ತನ್ನನ್ನು ಕಣ್ಣಲ್ಲೇ ಅಳೆಯುತ್ತಾರೆ ಎಂಬ ಭಯ. ಮೂರು ತಿಂಗಳು ಕಳೆದ ಮೇಲೆ, ಹೊಲಿಗೆ ಮೆಷಿನ್ನನ್ನು ಮಾರಿಬಿಡುವುದೇ ಸರಿ ಎಂದು ತೀರ್ಮಾನಿಸಿದಳು.

ಹೊರಗೆ ಹೋಗಬೇಕಲ್ಲ, ತನಗೇ ಒಂದು ರವಿಕೆ ಹೊಲಿದುಕೊಂಡಳು. ಎಡಗಡೆ ಒಳಜೇಬಿಟ್ಟು ಹತ್ತಿ ತುಂಬಿದಳು. ಹೆಸರೇ ಹತ್ತಿ, ಎರಡು ಸಲ ಕೈಯಾಡಿಸುವಷ್ಟರಲ್ಲಿ ಹೆಗಲಿಗೆ ಹತ್ತಿ ಕೂತಿತು. ಭಾರದ್ದೇ ಆಗಬೇಕು ಎಂದು ಅದನ್ನು ತೆಗೆದು ರಾಗಿ ತುಂಬಿದಳು. ಕನ್ನಡಿಯಲ್ಲಿ ಎರಡೂ ಕಡೆ ಸಮ ಕಂಡಿತು. ಮೆಷಿನ್ ಕೊಳ್ಳುವವನ ಮನೆಗೆ ಹೊರಟಳು.

ಅವಸರದಲ್ಲಿ ಜೇಬಿನ ಒಂದು ಮೂಲೆಗೆ ಹೊಲಿಗೆ ಸರಿಯಾಗಿ ಬಿದ್ದಿರಲಿಲ್ಲ. ಅದು ಬೀದಿಯ ಕೋಳಿಗಳಿಗೆ ಮೊದಲು ಗೊತ್ತಾಯಿತು. ಒಂದು ಹಿಂದೆ ಬಂತು, ಆಮೇಲೆ ನಾಲ್ಕು ಬಂದವು. ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಹುಂಜವೂ ಸೇರಿಕೊಂಡು ಮೆರವಣಿಗೆಯೇ ಆಯಿತು. ಅವಳು ಕೈ ಬೀಸಿ ಓಡಿಸಲು ಹೋದಳು. ಮೂಲೆ ಪೂರ್ತಿ ಬಿಚ್ಚಿಕೊಂಡು ರಾಗಿಯೆಲ್ಲ ಕಾಲ ಬುಡಕ್ಕೆ ಸುರಿಯಿತು. ಬೀದಿಯವರೆಲ್ಲ ತಿರುಗಿ ನೋಡಿದರು. ನೆಲ ಬಾಯಿಬಿಡಲಿ ಎಂದು ಅವಳು ಕಾದಳು. ಬಾಯಿಬಿಟ್ಟವಳು ಸೊಪ್ಪು ಮಾರುವ ಮುದುಕಿ.

“ಏನವ್ವ, ಮಳೆಗೆ ಮೊದಲೇ ಬಿತ್ತನೆ ಶುರುಮಾಡಿದೀಯ?”

ಮುದುಕಿ ಎದ್ದುಬಂದು, ಕೋಳಿಗಳನ್ನು ಓಡಿಸಿ, ರಾಗಿಯನ್ನು ಸೆರಗಿಗೆ ಬಳಿದುಕೊಂಡಳು. ಆಮೇಲೆ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: “ನಂಗೂ ಒಂದು ಕಡೆ ತೆಗೆದವ್ರೆ. ನಾಲ್ಕು ವರ್ಷದಿಂದ ಹಳೇ ಸೀರೆ ತುರುಕಿಕೊಂಡು ತಿರುಗ್ತಿದೀನಿ. ರಾಗಿ ಒಳ್ಳೇದು ಅಂತ ಮೊದಲೇ ಹೇಳಬಾರದಾ?”

“ಅಜ್ಜಿ, ನಾಲ್ಕು ವರ್ಷದಿಂದ ನೀನು ಅಂಗಡಿಗೇ ಬಂದಿಲ್ಲ. ನನ್ನ ಹೊಲಿಗೆ ಹಿಡಿಸಲಿಲ್ಲ ಅಂದ್ಕೊಂಡಿದ್ದೆ.”

“ನೀನು ಟೇಪು ಹಿಡ್ಕೊಂಡು ನಿಂತರೆ ನಾನು ಯಾವ ಮುಖ ಇಟ್ಕೊಂಡು ಕೈ ಎತ್ತಲಿ, ತಾಯಿ?”

ದರ್ಜಿ ಅಲ್ಲಿಂದಲೇ ಮನೆಗೆ ತಿರುಗಿದಳು. ಅಳತೆ ಪುಸ್ತಕ ತೆಗೆದಳು. ಕೆಂಪು ಗೆರೆ ಬಿದ್ದವರು ಹನ್ನೊಂದು ಜನ. ಜೇಬಿಗೆ ಮತ್ತೆ ಏನನ್ನೂ ತುಂಬದೆ, ಅದೇ ರವಿಕೆಯಲ್ಲಿ ಒಬ್ಬೊಬ್ಬರ ಬಾಗಿಲನ್ನೂ ತಟ್ಟಿದಳು. ಕೆಲವರು ಊರು ಬಿಟ್ಟಿದ್ದರು. ಗಿರಣಿ ಮನೆಯವಳಿಗೆ ನಿಜವಾಗಿಯೂ ಸಿಟ್ಟಿತ್ತು. ತೋಳು ಬಿಗಿ ಹೊಲಿದದ್ದಕ್ಕೆ ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸಿ ಬೈದಳು. ದರ್ಜಿ ಅದನ್ನೂ ಕೇಳಿಸಿಕೊಂಡು, ಆ ರವಿಕೆಯನ್ನು ಮನೆಗೆ ತಂದು, ತೋಳು ಬಿಚ್ಚಿ ಹೊಲಿದು ಕೊಟ್ಟಳು. ಶಾಲೆಯ ಟೀಚರೊಬ್ಬಳು, ಮೂಲೆಮನೆಯ ಸೊಸೆಯೊಬ್ಬಳು, ಇವರಿಬ್ಬರು ಮಾತ್ರ ಬಾಗಿಲು ತೆರೆದು ಅವಳ ಎದೆಯನ್ನು ನೋಡಿದರು. ಕೈ ಹಿಡಿದು ಒಳಗೆ ಕರೆದುಕೊಂಡು, ತಾವು ಎದೆಗೆ ತುರುಕಿಕೊಂಡಿದ್ದ ಬಟ್ಟೆ ತೋರಿಸಿದರು.

ಮೆಷಿನ್ ಮಾರಲಿಲ್ಲ. ಈಗ ಶುಕ್ರವಾರ ಮಧ್ಯಾಹ್ನವಾದರೆ ಅಂಗಡಿಯಲ್ಲಿ ಬರೀ ಒಳಜೇಬಿನ ರವಿಕೆಗಳದೇ ಕೆಲಸ. ದೂರದ ಊರುಗಳಿಂದಲೂ ಹೆಂಗಸರು ಬರುತ್ತಾರೆ. ಮುದುಕಿ ರಾಗಿ ಆರಿಸುತ್ತ ಕೂತು ಎಲ್ಲರನ್ನೂ ನಗಿಸುತ್ತಾಳೆ. ಟೀಚರು ಹೊಲಿಗೆಯ ಮೂಲೆಗಳನ್ನು ಪರೀಕ್ಷೆಯ ಪೇಪರಿನಂತೆ ತಿದ್ದುತ್ತಾಳೆ. ಹೊಸಬಳೊಬ್ಬಳು ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತ ನಿಂತರೆ, ದರ್ಜಿ ಎದ್ದುಹೋಗಿ ಟೇಪನ್ನು ಅವಳ ಕೈಗೇ ಕೊಡುತ್ತಾಳೆ. “ಮೊದಲು ನೀನು ನನ್ನ ಅಳತೆ ತಗೋ” ಎಂದು ತಾನು ಕೈ ಎತ್ತುತ್ತಾಳೆ. ಆಪರೇಷನ್ ಆದಾಗಿನಿಂದ ಎಡಗೈ ಪೂರ್ತಿ ಏಳುವುದಿಲ್ಲ. ಏಳುವಷ್ಟು ಎತ್ತುತ್ತಾಳೆ.

ಜೇಬಿನ ಮೂಲೆಗೆ ಈಗ ಎರಡೆರಡು ಹೊಲಿಗೆ. ಆದರೂ ಕೋಳಿಗಳು ಆಸೆ ಬಿಟ್ಟಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಎಂಥ ಗಟ್ಟಿಗಿತ್ತಿ, ಗುರುಗಳೇ. ಬಲ ಎಲ್ಲಿಂದ ಬರುತ್ತದೆ ಎಂದು ಚೆನ್ನಾಗಿ ತಿಳಿಯಿತು” ಎಂದ ಶಿಷ್ಯ.

“ಹಾಗಾದರೆ ಹೇಳು, ನೀನು ಟವೆಲ್ ಒಣಹಾಕಿರುವ ಆ ಚಾಪೆಯವನು ಎಷ್ಟು ದಿನದಿಂದ ಬಂದಿಲ್ಲ?”