ದುಂಡವ್ವನ ಕಾರಿಗೆ ಹೊಸ ಕಿಡಿ

ಬೆಟಗೇರಿಯಲ್ಲಿ ದುಂಡವ್ವ ಅಂತ ಒಬ್ಬಾಕೆ ಇದ್ದಳು. ಗಂಡ ತೀರಿಹೋದ ಮೇಲೆ ಆಕೆಗೆ ಉಳಿದದ್ದು ಎರಡೇ. ಅರವತ್ನಾಲ್ಕನೇ ಇಸವಿಯ ಒಂದು ಬಾಡಿಗೆ ಕಾರು, ಮೂವತ್ತೈದು ವರ್ಷದ ಮಗ ಫಕೀರಪ್ಪ. ಕಾರು ಹೇಳಿದ್ದು ಕೇಳುತ್ತಿರಲಿಲ್ಲ. ಮಗ ಹೇಳಿದ್ದನ್ನು ಹೇಳಿದ ಹಾಗೇ ಕೇಳುತ್ತಿದ್ದ. "ಕಾರ ಚಲೋ," ಅನ್ನುತ್ತಿದ್ದಳು ದುಂಡವ್ವ.

ಹಾಗಂತ ಸ್ಟೇರಿಂಗ್ ಹಿಡಿದರೆ ಫಕೀರಪ್ಪನಂಥ ಡ್ರೈವರ್ ಆ ಓಣಿಯಲ್ಲೇ ಇರಲಿಲ್ಲ.

ಕಾರಿನ ರೋಗ ಪಾಯಿಂಟಿನದು. ಪಾಯಿಂಟು ಅಂದರೆ ಎಂಜಿನ್ನಿಗೆ ಕಿಡಿ ಹುಟ್ಟಿಸುವ ಎರಡು ಪುಟ್ಟ ತುಟಿ. ಬಡಿದು ಬಡಿದು ಕರ್ರಗಾದವೋ, ಕಾರು ನಡುದಾರಿಯಲ್ಲೇ ನಿಂತಿತು. ಮೈದುನ ಈರಪ್ಪ ಅದನ್ನೇ ಕಾಯುತ್ತಿದ್ದ. ಅಣ್ಣನ ಕಾರಿನಲ್ಲಿ ತನಗೂ ಪಾಲುಂಟು ಅಂತ ಅವನ ವಾದ.

"ವೈನಿ, ಇದನ್ನ ಗುಜರಿಗೆ ಹಾಕೂಣು."

"ನನ್ನ ಉಸಿರು ಇರೂತನಕ ಹಾಕಾಂಗಿಲ್ಲ."

"ಹಂಗಾದ್ರ ಬರೂ ಐತವಾರ ಕರೇಗುಡ್ಡದ ಏರು ಒಂದ ದಮ್ಮಿಗೆ ಹತ್ತಿಸಿ ತೋರಸ್ರಿ. ನಾನೂ ಹಿಂದ ಕುಂತು ನೋಡತೀನಿ. ಹತ್ತಿದ್ರ ಕಾರು ನಿಮ್ಮದು. ನಡುವ ನಿಂತ್ರ ಗುಜರಿಗೆ."

"ಬಾ, ಕುಂಡ್ರು," ಅಂದಳು ದುಂಡವ್ವ.

ಅವನು ಆ ಕಡೆ ಹೋದದ್ದೇ ತಡ, ಮಗನ ಕೈಗೆ ಪಾಲಿಶ್ ಕಾಗದ ಕೊಟ್ಟು, "ಪಾಯಿಂಟು ಉಜ್ಜು. ಒಂದಿಷ್ಟೂ ಉಳೀಬಾರದು ಕರಿ," ಅಂದಳು. ಫಕೀರಪ್ಪ ಮುಂಜಾನೆ ಉಜ್ಜಿದ, ಮಧ್ಯಾಹ್ನ ಉಜ್ಜಿದ, ಹೊತ್ತು ಮುಳುಗುವ ತನಕ ಉಜ್ಜಿದ. ಕರಿ ಹೋಯಿತು. ಕರಿಯ ಹಿಂದೆಯೇ ಪಾಯಿಂಟೂ ಹೋಯಿತು.

"ನೋಡವ್ವ, ಒಂದಿಷ್ಟೂ ಉಳದಿಲ್ಲ."

"ಏ ಮಂಕ, ಹಳೇದನ್ನ ಹಂಗ ತಿಕ್ಕತಾರೇನು? ಹಳೇದಂದ್ರ ಅರಿವ್ಯಾಗ ಸುತ್ತಿ ಎದಿಗೆ ಅವಚಿಕೊಂಡು ಜ್ವಾಕಿ ಮಾಡಬೇಕು."

"ಹೂಂ ಅವ್ವ."

ಇನ್ನು ಪಾಯಿಂಟಿನ ಸಹವಾಸವೇ ಬೇಡ, ಎಲೆಕ್ಟ್ರಾನಿಕ್ ಸೆಟ್ಟು ಹಾಕಿಸುತ್ತೇನೆ ಅಂತ ದುಂಡವ್ವ ಹಟ ಹಿಡಿದಳು. ಅದರಲ್ಲಿ ಬಡಿಯುವ ತುಟಿಯೂ ಇಲ್ಲ, ಸವೆಯುವ ಮಾತೂ ಇಲ್ಲ. ಓಣಿಯ ಮೆಕ್ಯಾನಿಕ್ಕುಗಳೆಲ್ಲ ನಕ್ಕರು. "ಮುದುಕಿಗೆ ಹೊಸಾ ಹಲ್ಲು," ಅಂದರು.

"ಹಲ್ಲು ಬಂದ ಮ್ಯಾಲ ಕಡೀತೈತಿ, ತಡೀರಿ," ಅಂದಳು.

ಪುಣೆಗೆ ಫೋನು ಮಾಡಿ ಸೆಟ್ಟು ಕಳಿಸಲು ಹೇಳಿದಳು. ಜೋಡಿಸುವ ಕೆಲಸ ಬಲ್ಲವರು ಮಕ್ತುಮಸಾಬರು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. "ಸಾಬರನ್ನ ಕರಕೊಂಡು ಬಾ. ಹಳೇ ಜೀವ, ಹುಷಾರಿ," ಅಂತ ಮಗನನ್ನು ಕಳಿಸಿದಳು. ಹಳೇದು ಅಂದಮೇಲೆ ಇನ್ನೇನು? ಫಕೀರಪ್ಪ ಸಾಬರನ್ನು ಜಮಖಾನೆಯಲ್ಲಿ ಸುತ್ತಿದ, ಎದೆಗೆ ಅವಚಿಕೊಂಡ, ಪೇಟೆಯ ನಡುವೆ ಹಾದು ತಂದ. ಸಾಬರ ಕಾಲೆರಡು ಹೊರಗೆ ಜೋಲಾಡುತ್ತಿದ್ದವು.

"ಏ ಮಂಕ, ಹಿರ್ಯಾರನ್ನ ಹಂಗ ಹೊತಗೊಂಡು ಬರತಾರೇನು? ಹೊರಗಿಂದ ಬಂದವರಿಗೆ ಬಾಗಲದಾಗ ಮೊದಲು ಒಂದು ತಂಬಿಗಿ ನೀರು ಕೊಡಬೇಕು. ಆಮ್ಯಾಲ ಒಳಗ."

"ಹೂಂ ಅವ್ವ."

ಮೂರನೇ ದಿನ ಪಾರ್ಸಲ್ ಬಂತು. ಅದೂ ಹೊರಗಿನಿಂದ ಬಂದದ್ದೇ. ಫಕೀರಪ್ಪ ಬಾಗಿಲಲ್ಲೇ ಪೊಟ್ಟಣ ಬಿಚ್ಚಿ ತಂಬಿಗೆ ತಂದ.

"ಕುಡೀಲಿಲ್ಲವ್ವ. ಅದಕ ಮ್ಯಾಲ ಸುರವಿದೆ."

ಸಾಬರು ಸೆಟ್ಟನ್ನು ಒರೆಸಿ ತಿರುವಿ ನೋಡಿದರು. "ಅರಗು ಹಾಕಿ ಮುಚ್ಚಿದಂಗ ಐತಿ ತಂಗಿ. ಒಳಗ ನೀರು ಹೋಗಿಲ್ಲ."

"ಇನ್ನ ಮ್ಯಾಲ ನಿನ್ನ ಬುದ್ಧಿ ಓಡಸಬ್ಯಾಡ," ಅಂದಳು ದುಂಡವ್ವ ಮಗನಿಗೆ. "ಸಾಬರು ಹೇಳಿದಷ್ಟ ಮಾಡು. ಕೂದಲಷ್ಟೂ ಹೆಚ್ಚು ಕಡಿಮಿ ಬ್ಯಾಡ."

ಶನಿವಾರ ಸಾಬರು ಪಾಯಿಂಟು ಇದ್ದ ಜಾಗದಲ್ಲಿ ಸೆಟ್ಟು ಕೂರಿಸಿದರು. ಉಳಿದದ್ದು ಎರಡು ತಂತಿ. ಕಿಡಿಗೆ ಕರೆಂಟು ಕೊಡುವ ಕಾಯಿಲಿನ ತಲೆಯ ಮೇಲೆ ಒಂದು ಕಡೆ ಕೂಡುವ ಗುರುತು, ಇನ್ನೊಂದು ಕಡೆ ಕಳೆಯುವ ಗುರುತು. "ಸಾಲ್ಯಾಗ ಲೆಕ್ಕ ಕಲಿತೀಯಲ್ಲ ಫಕೀರಪ್ಪ? ಕೆಂಪು ಕೂಡೂದಕ್ಕ, ಕಪ್ಪು ಕಳಿಯೂದಕ್ಕ," ಅಂತ ಹೇಳಿ ನಮಾಜಿಗೆ ಹೋದರು. ಬಂದು ನೋಡಿದರೆ ಕೆಂಪು ತಂತಿ ಕೂಡಿತ್ತು. ಕಪ್ಪು ತಂತಿ ಬುಡದಲ್ಲಿ ಬೆರಳಷ್ಟು ಉಳಿದಿತ್ತು.

"ಕಪ್ಪು ಎಲ್ಲೋ?"

"ಕಳದೇನ್ರಿ."

"ಎಲ್ಲಿ ಕಳದಿ?"

"ಎಲ್ಲಿ ಅಂತ ಗೊತ್ತಿದ್ರ ಕಳದಂಗ ಹೆಂಗಾತ್ರಿ ಸಾಬರ?"

ದುಂಡವ್ವ ಹಣೆ ಹಣೆ ಬಡಿದುಕೊಂಡಳು. ಗೋಡೆಯಾಚೆ ಮತ್ತೆ ಮೆಕ್ಯಾನಿಕ್ಕುಗಳ ನಗು ಕೇಳಿಸಿತು. ಆ ನಗು ಕೇಳಿದ್ದೇ ಸೆಟೆದು ಎದ್ದಳು. ಒಳಗೆ ಹೋಗಿ ತನ್ನ ರೇಡಿಯೋದ ತಂತಿ ಕತ್ತರಿಸಿ ತಂದು ಸಾಬರ ಮುಂದೆ ಹಿಡಿದಳು. ಸಾಬರು ಜೋಡಿಸಿದರು. ಕೀಲಿ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಎದ್ದಿತು. ನಗು ನಿಂತಿತು.

"ಕೇಳಲೇ ಮಂಕ, ಕೈಯಾಗ ಹಿಡದದ್ದನ್ನ ಬಿಡಬಾರದು. ಯಾರು ಏನಂದ್ರೂ ಬಿಡಬಾರದು. ನಾ ಅಂದ್ರೂ ಬಿಡಬಾರದು."

"ಹೂಂ ಅವ್ವ."

ಐತವಾರ ಫಕೀರಪ್ಪ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ದುಂಡವ್ವ, ಹಿಂದೆ ಈರಪ್ಪ. ಕರೇಗುಡ್ಡದ ಏರಿನಲ್ಲಿ ಕಾರು ಒಮ್ಮೆಯೂ ಕೆಮ್ಮಲಿಲ್ಲ. ನೆತ್ತಿ ಬಂತು. ನೆತ್ತಿ ದಾಟಿತು. ಆಚೆಯ ಇಳಿಜಾರೂ ಮುಗಿಯಿತು.

"ಸಾಕೋ, ಹತ್ತಿತಲ್ಲ. ಬಿಡು, ತಿರಗಸು," ಅಂದ ಈರಪ್ಪ.

"ಬಿಡಾಂಗಿಲ್ರಿ ಕಾಕಾ."

"ಬಿಡಲೇ ಸಾಕು," ಅಂದಳು ದುಂಡವ್ವ.

"ನೀ ಅಂದ್ರೂ ಬಿಡಬಾರದು ಅಂದೀಯಲ್ಲವ್ವ."

ಕೊಪ್ಪಳ ಬಂತು, ಕೊಪ್ಪಳ ಹೋಯಿತು. ಅಲ್ಲಿಂದ ಮುಂದೆ ಬಯಲಿನಲ್ಲಿ ಕಾರು ತಾನಾಗಿ ನಿಂತಿತು.

"ನಿಂತಿತು ನೋಡ್ರಿ ವೈನಿ. ಗುಜರಿಗೆ," ಅಂತ ಈರಪ್ಪ ಕೆಳಗಿಳಿದ.

"ಏರು ದಾಟಿ ಒಂದೂವರಿ ತಾಸಾತು ಈರಪ್ಪ. ತೀರಿದ್ದು ಪೆಟ್ರೋಲು, ಕಿಡಿ ಅಲ್ಲ. ಕಾರು ನಂದು. ಮನೀಗೆ ಹೋಗೂದಿದ್ರ ತಳ್ಳು."

ಫಕೀರಪ್ಪ ಸ್ಟೇರಿಂಗ್ ಬಿಡಲೊಲ್ಲ. ದುಂಡವ್ವನಿಗೆ ಮೊಣಕಾಲು ನೋವು. ಉಳಿದವನು ಈರಪ್ಪ ಒಬ್ಬನೇ. ತಲೆ ತಗ್ಗಿಸಿ ತಳ್ಳಿದ. ಅರ್ಧ ಮೈಲಿ ತಳ್ಳಿದ ಮೇಲೆ ಎಡಗಡೆಗೆ ಪೆಟ್ರೋಲ್ ಬಂಕು ಬಂತು. ಅತ್ತ ತಿರುಗಿಸು ಅಂತ ಯಾರೂ ಹೇಳಿರಲಿಲ್ಲ. ಫಕೀರಪ್ಪ ಸ್ಟೇರಿಂಗನ್ನು ನೆಟ್ಟಗೆ ಹಿಡಿದೇ ಇದ್ದ. ಬಂಕು ಹಿಂದೆ ಸರಿಯಿತು.

ದುಂಡವ್ವ ನೋಡಿದಳು. ಹೇಳಲು ಬಾಯಿ ತೆರೆದಳು. ಕನ್ನಡಿಯಲ್ಲಿ ಈರಪ್ಪನ ಬೆವೆತ ನೆತ್ತಿ ಕಂಡಿತು. ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಸೀಟಿಗೆ ಒರಗಿದಳು. ಮುಂದಿನ ಬಂಕು ಎಷ್ಟು ದೂರ ಅಂತ ಆಕೆಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ.