ಎಡಗಡೆಯ ಕಲ್ಲುಸಕ್ಕರೆ

ಓದುವ ಬಾಯಲ್ಲಿ ಏನೂ ಇರಕೂಡದು, ಸಿಹಿ ತಿಂದರೆ ಬಾಯಿ ತೊಳೆಯದೆ ಇರಕೂಡದು. ಆಶ್ರಮದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ನಿಯಮ ಇದೊಂದೇ. ಅಲ್ಲಿದ್ದ ಎಲ್ಲರೂ ಅದನ್ನು ಮುರಿದಿದ್ದರು.

ಪ್ರತಿ ಶ್ರಾವಣದಲ್ಲಿ ಇಪ್ಪತ್ತೊಂದು ದಿನ, ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಪುರಾಣದ ಓದು. ಗಂಟಲು ಒಣಗಬಾರದೆಂದು ಓದುವವರು ಎಡಗೆನ್ನೆಯಲ್ಲಿ ಒಂದು ಹರಳು ಕಲ್ಲುಸಕ್ಕರೆ ಇಟ್ಟುಕೊಳ್ಳುತ್ತಿದ್ದರು. ಅದು ಕರಗಿದರೆ ಇನ್ನೊಂದು. ಅಭ್ಯಾಸಕ್ಕೆಂದು ವರ್ಷವಿಡೀ ಓದು ನಡೆಯುತ್ತಿತ್ತು, ವರ್ಷವಿಡೀ ಹರಳೂ ಇರುತ್ತಿತ್ತು.

ಶಿಷ್ಯ ಕಲ್ಲಿನಾಥ ಗುರು ಅಡವಯ್ಯನವರ ಮುಂದೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ನಿಂತ.

"ಈ ಸಲದ ಓದು ನನಗೆ ಕೊಡಿ, ಗುರುಗಳೇ."

"ಕೈ ತೆಗೆದು ಕೇಳು."

"ನಿಮ್ಮ ಮುಂದೆ ಹಾಗೆ ಬಾಯಿ ಬಿಡಬಾರದು."

"ಎಂಥ ವಿನಯ!" ಎಂದ ಹಿಂದೆ ನಿಂತಿದ್ದವನೊಬ್ಬ. ಮರುದಿನ ಉಳಿದವರೂ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡತೊಡಗಿದರು.



ಊಟದ ಸಾಲಿನಲ್ಲಿ ಅಡುಗೆಯ ದುಂಡವ್ವ ರೊಟ್ಟಿ ಹಾಕುತ್ತ ಕಲ್ಲಿನಾಥನ ಬಳಿ ಬಂದಳು.

"ಇವಂಗ ನೋಡ್ರಿ ಅಪ್ಪಾರ, ಇಪ್ಪತ್ತಾರು ವರ್ಷದ ಗಂಡಸು. ನಮ್ಮ ಅತ್ತಿ ಹಾಂಗ ರೊಟ್ಟಿ ಹಾಲಾಗ ನೆನಸ್ಕೊಂಡು ತಿಂತಾನ!"

ಎಲ್ಲರೂ ನಕ್ಕರು, ಬಾಯಿ ಮುಚ್ಚಿಕೊಂಡು.

ಗುರುಗಳು ಸಾಲಿನ ಉದ್ದಕ್ಕೂ ನೋಡಿದರು. ಹನ್ನೊಂದು ಜನ, ಹನ್ನೊಂದು ದವಡೆ.

"ಎಲ್ಲರೂ ಬಲಗಡೆಯೇ ಅಗಿಯುತ್ತೀರಿ. ಎಡಗಡೆ ಏನು, ಮಡಿಯೇ?"

ಯಾರೂ ನಗಲಿಲ್ಲ.

ಮಧ್ಯಾಹ್ನ ಗುರುಗಳು ಕಲ್ಲಿನಾಥನನ್ನು ಹೊಳೆಯ ದಂಡೆಗೆ ಕರೆದೊಯ್ದರು.

"ನಿದ್ದೆ ಮಾಡಿ ಎಷ್ಟು ದಿನವಾಯಿತು?"

"ಧ್ಯಾನದಲ್ಲಿ ಇರುತ್ತೇನೆ, ಗುರುಗಳೇ."

"ಎಷ್ಟು ದಿನ?"

"ಹನ್ನೆರಡು." ಅವನ ಕೈ ಇನ್ನೂ ಬಾಯಿಯ ಮೇಲೇ ಇತ್ತು. "ದವಡೆ ಸಿಡಿಯುತ್ತದೆ."

"ಹೋದ ತಿಂಗಳು ನಿನ್ನ ತಾಯಿ ಬಂದಿದ್ದಳಲ್ಲ. ಅಷ್ಟು ಬೇಗ ಯಾಕೆ ಹೋದಳು?"



"ಕೆನ್ನೆ ಮುಟ್ಟಲು ಬಂದಳು. ನಾನು ಹಿಂದೆ ಸರಿದೆ."

"ಯಾಕೆ?"

"ಬಾಯಿ ನಾರುತ್ತದೆ, ಗುರುಗಳೇ. ಅವಳಿಗೆ ಗೊತ್ತಾಗಬಾರದು ಅನ್ನಿಸಿತು. ಮಗನಿಗೆ ವೈರಾಗ್ಯ ಬಂದಿದೆ ಅಂದುಕೊಂಡಳು. ನನ್ನ ಕಾಲಿಗೆ ಬಿದ್ದು ಹೋದಳು. ಹೆತ್ತವಳು. ನಾನು ತಡೆಯಲಿಲ್ಲ."

ಗುರುಗಳು ಅವನನ್ನು ಬೈಯಲಿಲ್ಲ.

ಆಗ ಅವನಿಗೆ ಸಿಟ್ಟು ಬಂತು. "ಹರಳು ಇಟ್ಟುಕೊಳ್ಳುವುದನ್ನು ಕಲಿತದ್ದು ನಿಮ್ಮಿಂದಲೇ. ಹಿಂದೊಂದು ಶ್ರಾವಣದಲ್ಲಿ ನಿಮಗೆ ಕೆಮ್ಮು ಹತ್ತಿದಾಗ ನೀವೇ ಇಟ್ಟುಕೊಂಡಿರಿ. ನಾವು ನೋಡಿದೆವು."

ಅಡವಯ್ಯನವರು ಗಡ್ಡ ಸರಿಸಿ ಬಾಯಿ ತೆರೆದರು. ಎಡಗಡೆ ಬರೀ ಒಸಡು.

"ಎಂಟು ಹೋದವು. ಕೆಮ್ಮು ನಿಂತ ಮೇಲೂ ನಾನು ಹರಳು ಬಿಡಲಿಲ್ಲ. ಗೋಡೆಯ ಮೇಲಿನ ಅಕ್ಷರ ನನ್ನದೇ. ಕೆನ್ನೆ ಕುಳಿಬಿದ್ದಾಗ ನಿಮಗೆ ಹೇಳಲು ನಾಚಿಕೆಯಾಯಿತು, ಗಡ್ಡ ಬಿಟ್ಟೆ. ಅದನ್ನೂ ನೀವು ವೈರಾಗ್ಯ ಎಂದಿರಿ. ನಾನೂ ತಡೆಯಲಿಲ್ಲ."

ಮರುದಿನ ಹನ್ನೊಂದು ಜನರನ್ನೂ ಪೇಟೆಯ ಹಲ್ಲಿನ ಡಾಕ್ಟರ ಬಳಿಗೆ ಕಳಿಸಿದರು. ಕಲ್ಲಿನಾಥನ ಎರಡು ದವಡೆಹಲ್ಲು, ಮುಂದಿನದೊಂದು ಕೀಳಬೇಕಾಯಿತು. ಉಳಿದವರದು ತುಂಬಿಸಿದರೆ ಸಾಕಾಯಿತು.

ಡಾಕ್ಟರಮ್ಮ ಕೈ ತೊಳೆಯುತ್ತ ಕೇಳಿದಳು, "ದಿನಕ್ಕೆ ಎಷ್ಟು ಸಕ್ಕರೆ ತಿಂತೀರಿ?"

"ನಾಲ್ಕೈದು ಹರಳು, ಅಷ್ಟೇ."

"ಎಷ್ಟು ಹೊತ್ತು ಬಾಯಲ್ಲಿರುತ್ತೆ?"

"ಬೆಳಗಿನಿಂದ ಸಂಜೆಯವರೆಗೆ."

"ಮತ್ತೆ, ಹಲ್ಲಿಗೆ ಬಿಡುವು ಯಾವಾಗ ಕೊಟ್ಟಿರಿ? ಗಂಟಲು ಒಣಗಿದರೆ ನೀರು ಕುಡೀರಿ. ಬೆಳಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಬ್ರಶ್ ಮಾಡಿ. ನೋವು ಬರೋ ತನಕ ಕಾಯಬೇಡಿ, ವರ್ಷಕ್ಕೊಮ್ಮೆಯಾದರೂ ಬಂದು ತೋರಿಸಿ. ಇದನ್ನ ಶಾಲೆ ಮಕ್ಕಳಿಗೆ ಹೇಳ್ತೀನಿ ನಾನು."

ಹನ್ನೊಂದು ಜನ ಗಂಡಸರು ನೆಲ ನೋಡುತ್ತ ನಿಂತರು.

ಶ್ರಾವಣ ಬಂತು. ಗುರುಗಳು ಓದನ್ನು ಕಲ್ಲಿನಾಥನಿಗೇ ಕೊಟ್ಟಿದ್ದರು. ಓದಿನ ಪೀಠದ ಮೇಲೆ ಅವನು ಕೂತ, ಬಾಯಿಗೆ ಕೈ ಅಡ್ಡ ಹಿಡಿದು. ಮುಂದಿನ ಹಲ್ಲು ಹೋದ ಜಾಗವನ್ನು ಜನ ನೋಡುತ್ತಾರೆ ಎಂಬ ಅಂಜಿಕೆ.

ಆಮೇಲೆ ಗುರುಗಳು ಬಂದರು. ಗಡ್ಡ ಬೋಳಿಸಿಕೊಂಡಿದ್ದರು. ಕುಳಿಬಿದ್ದ ಎಡಗೆನ್ನೆ ಇಡೀ ಸಭೆಗೆ ಕಾಣುತ್ತಿತ್ತು. ಅವರ ಹಿಂದೆ ಒಬ್ಬ ಮುದುಕಿ ಬಂದು ಹೆಂಗಸರ ಸಾಲಿನಲ್ಲಿ, ತೀರ ಹಿಂದೆ, ಕೂತಳು. ಗುರುಗಳು ಹೇಳಿಕಳಿಸಿ ಕರೆಸಿದ್ದ ಕಲ್ಲಿನಾಥನ ತಾಯಿ. ಅವಳು ಮಗನಿಗೆ ದೂರದಿಂದಲೇ ಕೈ ಮುಗಿದಳು.

ಊರಿನ ದೇಸಾಯರು ಬೆಳ್ಳಿ ಬಟ್ಟಲು ಹಿಡಿದು ಎದ್ದರು. ತುಂಬ ಕಲ್ಲುಸಕ್ಕರೆ.

"ತಗೋರಿ ಸ್ವಾಮಿ. ಒಂದು ಹರಳು ಬಾಯಾಗ ಹಾಕ್ಕೊಂಡು ಶುರು ಮಾಡ್ರಿ."

ಕಲ್ಲಿನಾಥ ಗುರುಗಳ ಕಡೆ ನೋಡಿದ.

"ನನ್ನನ್ನೇನು ನೋಡುತ್ತೀ? ಓದುವವನು ನೀನು."

ಕಲ್ಲಿನಾಥ ಬಾಯಿಂದ ಕೈ ತೆಗೆದ. ಆ ಕೈಯಿಂದಲೇ ಬಟ್ಟಲನ್ನು ಹಿಂದಕ್ಕೆ ಸರಿಸಿದ.

"ಬೇಡ, ದೇಸಾಯರೇ."

ಮಾತಿನ ಜೊತೆ ಹಲ್ಲಿನ ಸಂದಿಯಿಂದ ಗಾಳಿ ಸೀಟಿ ಹೊಡೆಯಿತು. ಯಾರೋ ಕಿಸಕ್ಕೆಂದರು.

ದೇಸಾಯರ ಮುಖ ಕೆಂಪಾಯಿತು. "ನಮ್ಮ ಮನಿ ಬಟ್ಟಲು ಇವತ್ತಿನ ತನಕಾ ಹಿಂದಕ್ಕ ಬಂದಿಲ್ರಿ ಅಪ್ಪಾರ."

"ಈಗಲೂ ಬರುವುದು ಬೇಡ," ಎಂದರು ಗುರುಗಳು. "ಅದನ್ನು ಸುರಿದು, ನೀರು ತುಂಬಿ ತನ್ನಿ."

ನೀರು ಬಂತು. ಕಲ್ಲಿನಾಥ ಎಲ್ಲರೆದುರು ಬಾಯಿ ಮುಕ್ಕಳಿಸಿದ. ಪೀಠದಿಂದ ಇಳಿದು ಕೊನೆಯ ಸಾಲಿನವರೆಗೆ ನಡೆದ. ಎದ್ದು ಕಾಲಿಗೆ ಬೀಳಹೊರಟ ತಾಯಿಯನ್ನು ತಡೆದು, ಅವಳ ಕೈ ಎತ್ತಿ ತನ್ನ ಎಡಗೆನ್ನೆಗೆ ಒತ್ತಿಕೊಂಡ.